ಮೀನು ಕೊಡುವ ಮೊದಲು ನೀರು ಕೇಳುವ ಅಂಗಡಿ

ತಿಂಗಳಿಗೆ ಎರಡು ಸಲ ನಾನು ಹುಬ್ಬಳ್ಳಿಗೆ ಹೋಗುತ್ತೇನೆ. ಲೈನಿಂಗ್ ಬಟ್ಟೆ, ಫಾಲ್, ದಾರ, ಹುಕ್ಕು ತರಬೇಕು. ಧಾರವಾಡದಲ್ಲಿ ಸಿಗಲ್ಲ ಅಂತಲ್ಲ, ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಹತ್ತು ಬಣ್ಣ ಜಾಸ್ತಿ ಸಿಗುತ್ತವೆ. ಅದರ ಹಿಂದಿನ ಒಂದು ಓಣಿಯಲ್ಲಿ ಬೋರ್ಡಿಲ್ಲದ ಸಣ್ಣ ಮೀನಿನ ಅಂಗಡಿ ಇದೆ. ತಿನ್ನುವ ಮೀನಲ್ಲ, ಸಾಕುವ ಮೀನು. ಓಣಿಯವರು ‘ಮೀನಿನ ಕಾಕಾನ ಅಂಗಡಿ’ ಅನ್ನುತ್ತಾರೆ. ನಮ್ಮ ಮನೆಯ ಮೀನುಗಳು ಇವತ್ತು ಬದುಕಿರುವುದು ಆ ಅಂಗಡಿಯಿಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಏನಾಯಿತು ಅಂತ ಹೇಳಬೇಕು. ಮಗ ಏಳನೇ ಇಯತ್ತೆ ಪಾಸಾದಾಗ ಮೀನು ಬೇಕು ಅಂದ. ಬೇರೊಂದು ದೊಡ್ಡ ಅಂಗಡಿಗೆ ಹೋದೆವು. ಹೆಸರು ಬೇಡ. ಲೈಟು, ಬಣ್ಣದ ಕಲ್ಲು, ಗುಳ್ಳೆ ಬಿಡುವ ಗೊಂಬೆ, ಎಲ್ಲಾ ಚೆಂದ ಇತ್ತು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಕೊಟ್ಟರು. ಅದಕ್ಕೆ ಹತ್ತು ನಿಯಾನ್ ಟೆಟ್ರಾ, ಎರಡು ಏಂಜೆಲ್, ಒಂದು ಸಕ್ಕರ್ ಮೀನು. ಒಟ್ಟು 4,200 ರೂಪಾಯಿ. ಅವತ್ತೇ ಸಂಜೆ ಬೋರಿನ ನೀರು ತುಂಬಿ, ರಾತ್ರಿ ಮೀನು ಬಿಟ್ಟೆವು. ಹಾಗೆ ಬಿಡಬೇಡಿ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಮೂರನೇ ದಿನ ಎರಡು ನಿಯಾನ್ ಸತ್ತವು. ಐದನೇ ದಿನ ಉಳಿದವುಗಳ ಮೈಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮೀನುಗಳು ಕಲ್ಲಿಗೆ ಮೈ ತಿಕ್ಕುತ್ತಿದ್ದವು. ಅಂಗಡಿಗೆ ಹೋಗಿ ಕೇಳಿದರೆ ಒಂದು ನೀಲಿ ಔಷಧದ ಬಾಟಲಿ ಕೊಟ್ಟರು. ಎರಡು ದಿನ ಹಾಕಿದೆ. ಚುಕ್ಕೆ ಹೋದವು. ನಿಲ್ಲಿಸಿದೆ. ವಾರದೊಳಗೆ ಮೊದಲಿಗಿಂತ ಜಾಸ್ತಿ ಚುಕ್ಕೆ ಬಂದವು. ಇಪ್ಪತ್ತು ದಿನಕ್ಕೆ ಟ್ಯಾಂಕಿನಲ್ಲಿ ಸಕ್ಕರ್ ಒಂದೇ ಉಳಿಯಿತು. ಮಗ ಸತ್ತ ಮೀನುಗಳನ್ನು ಒಂದೊಂದಾಗಿ ಕರಿಬೇವಿನ ಗಿಡದ ಬುಡದಲ್ಲಿ ಹುಗಿದ. ಕೊನೆಯದನ್ನು ಹುಗಿದು ಬಂದ ದಿನ ಅವನು ಊಟ ಮಾಡಲಿಲ್ಲ. ನಾನು ಹೊಲಿಯುವಾಗ ಬಲಗಡೆ ಆ ಒಂದೇ ಮೀನಿನ, ಹೆಚ್ಚುಕಡಿಮೆ ಖಾಲಿ ಟ್ಯಾಂಕ್ ಕಾಣುತ್ತಿತ್ತು. ಅದರ ಮೇಲೊಂದು ಬಟ್ಟೆ ಹೊದಿಸಿಬಿಟ್ಟೆ.

ಕಾಕಾನ ಅಂಗಡಿಯ ಸುದ್ದಿ ಹೇಳಿದ್ದು ನನಗೆ ದಾರ ಕೊಡುವ ಅಂಗಡಿಯವರು. ಒಂದು ಶನಿವಾರ ಮಗನನ್ನು ಕರೆದುಕೊಂಡು ಹೋದೆ. ಅಂಗಡಿ ಅಂದರೆ ಹತ್ತು ಅಡಿಯ ಒಂದು ಖೋಲಿ. ಎರಡೂ ಗೋಡೆಗೆ ಕಬ್ಬಿಣದ ರ‍್ಯಾಕು, ಅದರ ಮೇಲೆ ಇಪ್ಪತ್ತರ ಮೇಲೆ ಟ್ಯಾಂಕು. ಅಲಂಕಾರ ಏನೂ ಇಲ್ಲ, ತಳದಲ್ಲಿ ಕಲ್ಲೂ ಇಲ್ಲ. ಒಳಗೆ ಕಾಲಿಟ್ಟರೆ ಮಳೆ ಬಂದು ನಿಂತ ಹಾಗೆ ಹಸಿ ವಾಸನೆ. ಕೊಳೆತ ವಾಸನೆ ಇಲ್ಲ. ಈ ವ್ಯತ್ಯಾಸ ಮುಖ್ಯ ಅಂತ ನನಗೆ ಆಮೇಲೆ ಗೊತ್ತಾಯಿತು.

“ಕಾಕಾ, ಹತ್ತು ನಿಯಾನ್ ಕೊಡ್ರಿ” ಅಂದೆ.

“ಎಲ್ಲಿಂದ ಬಂದೀರಿ ಅಕ್ಕಾರ? ಮನ್ಯಾಗ ನೀರು ಯಾವುದು?”

“ಬೋರು ಐತ್ರಿ, ನಳಾನೂ ಐತಿ.”

“ಹಂಗಾರ ಇವತ್ತ ಮೀನ ಬ್ಯಾಡ. ಎರಡೂ ನೀರು ಒಂದೊಂದು ಬಾಟ್ಲಿ ತಗೊಂಡು ಬರ್ರಿ.”

ನನಗೆ ಸಿಟ್ಟೇ ಬಂತು. ಧಾರವಾಡದಿಂದ ಹುಬ್ಬಳ್ಳಿ 20 ಕಿಲೋಮೀಟರ್. ಮಗ ಆಸೆಯಿಂದ ಬಂದಿದ್ದಾನೆ. ಆದರೆ ಮಗ ಅಷ್ಟರಲ್ಲಿ ಟ್ಯಾಂಕುಗಳ ಗಾಜು ನೋಡುತ್ತಿದ್ದ. ಪ್ರತಿ ಗಾಜಿನ ಮೂಲೆಯಲ್ಲಿ ಮಾರ್ಕರಿನಿಂದ ಒಂದು ಅಂಕಿ ಬರೆದಿತ್ತು. ಒಂದರ ಮೇಲೆ 6, ಒಂದರ ಮೇಲೆ 11, ಒಂದರ ಮೇಲೆ 14. ಏನಿದು ಅಂತ ಅವನೇ ಕೇಳಿದ. ಮೀನು ಬಂದ ತಾರೀಕು ಅಂತೆ. ತಾರೀಕು ಬಿದ್ದ ಮೇಲೆ ಎರಡು ವಾರ ಆ ಟ್ಯಾಂಕಿನಿಂದ ಕಾಕಾ ಒಂದು ಮೀನೂ ಮಾರುವುದಿಲ್ಲ.

ಯಾಕೆ ಅಂತಾನೂ ಹೇಳಿದರು. ಅವರಿಗೆ ಹೆಚ್ಚಿನ ಮೀನು ಬರುವುದು ಚೆನ್ನೈನ ಕೊಳತ್ತೂರಿನಿಂದ. ಅಲ್ಲಿ ಮನೆಮನೆಯಲ್ಲೂ ಮೀನು ಸಾಕುವವರಿದ್ದಾರೆ, ದೇಶಕ್ಕೆಲ್ಲಾ ಕಳಿಸುತ್ತಾರೆ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ದಾರಿಯಲ್ಲಿ ನೀರು ಹೊಲಸಾಗಬಾರದು ಅಂತ ಕಟ್ಟುವ ಮೊದಲು ಮೀನಿಗೆ ಊಟ ಹಾಕುವುದಿಲ್ಲ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮೀನು ದಣಿದಿರುತ್ತದೆ, ಹಸಿದಿರುತ್ತದೆ. ರೋಗ ಹೊರಗೆ ಕಾಣುವುದು ಆಮೇಲೆ. ಬಂದ ದಿನವೇ ಮಾರಿದರೆ ಆ ರೋಗ ಕಾಣುವುದು ಕೊಂಡವರ ಮನೆಯಲ್ಲಿ. “ಸಾಯೂದಿದ್ರ ನನ್ನ ಕಡೆ ಸಾಯಲಿ ಅಕ್ಕಾರ, ಹುಡುಗನ ಮುಂದ ಬ್ಯಾಡ” ಅಂದರು. ಕರಿಬೇವಿನ ಗಿಡದ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ.

ಆ ಬಿಳಿ ಚುಕ್ಕೆಯ ಕಥೆಯೂ ಅವತ್ತೇ ಅರ್ಥವಾಯಿತು. “ಚುಕ್ಕಿ ಹೋತು ಅಂದ್ರ ರೋಗ ಹೋತು ಅಂತಲ್ರಿ. ಮೈಮ್ಯಾಲಿನ ಹುಳ ಕಳಚಿ ಕೆಳಗ ಬಿದ್ದು ಮರಿ ಮಾಡತೈತಿ. ಆ ಮರಿ ನೀರಾಗ ಈಸೂ ಮುಂದ ಅಷ್ಟ ಔಷಧ ಹತ್ತೂದು.” ಚರ್ಮದ ಒಳಗಿರುವ ಹುಳಕ್ಕೆ ನೀರಿಗೆ ಹಾಕುವ ಔಷಧ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದಕ್ಕೇ ಚುಕ್ಕೆ ಹೋದ ಮೇಲೂ ಔಷಧ ಮುಂದುವರಿಸಬೇಕು. ನಾನು ಸರಿಯಾಗಿ ಅದೇ ಹೊತ್ತಿಗೆ ನಿಲ್ಲಿಸಿದ್ದೆ. ಬಾಟಲಿ ಮಾರಿದವರು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮುಂದಿನ ಸಲ ಎರಡು ಬಾಟಲಿ ಒಯ್ದೆ. ಬೋರಿನ ಬಾಟಲಿಯ ಕೊರಳಿಗೆ ಕೆಂಪು ದಾರ, ನಳದ್ದಕ್ಕೆ ನೀಲಿ ದಾರ ಕಟ್ಟಿದ್ದೆ. ಕಾಕಾ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿದರು, ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವುದು. ಬೋರಿನದು 860, ನಳದ್ದು 140. ನಳದಲ್ಲಿ ನಮಗೆ ಬರುವುದು ಸವದತ್ತಿ ಕಡೆಯ ಮಲಪ್ರಭಾ ನೀರು. ಬೋರಿನದು ಗಡಸು ನೀರು, ಬಕೆಟ್ಟಿಗೆ ಬಿಳಿ ಕರೆ ಕಟ್ಟುತ್ತದಲ್ಲ, ಅದೇ. ನಿಯಾನ್ ಅಮೆಜಾನ್ ಕಡೆಯ ಮೀನು, ಮೆದು ನೀರಿನದು. ನಾವು ಅದನ್ನು ಒಯ್ದು ಬೋರಿನ ನೀರಿಗೆ ಬಿಟ್ಟಿದ್ದೆವು. ಗಪ್ಪಿ, ಮೊಲಿ, ಪ್ಲಾಟಿಗೆ ಗಡಸು ನೀರು ಒಗ್ಗುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬೋರ್ ಒಂದೇ ಇರುವ ಮನೆಗಳು ಬೇಕಾದಷ್ಟಿವೆ. ಅಂಥವರು ಮೀನು ಕೇಳಿದರೆ ಕಾಕಾ ಗಪ್ಪಿ ಟ್ಯಾಂಕ್ ತೋರಿಸುತ್ತಾರೆ. ಆ ಗಪ್ಪಿ ಅವರೇ ಮಾಳಿಗೆ ಮೇಲೆ ಸಿಮೆಂಟ್ ತೊಟ್ಟಿಯಲ್ಲಿ, ಬೋರಿನ ನೀರಿನಲ್ಲೇ ಬೆಳೆಸಿದ್ದು. ಆಮೇಲೆ ನಮ್ಮ ಅತ್ತೆಗೂ ಆರು ಗಪ್ಪಿ ತಂದುಕೊಟ್ಟೆ. ಹಿತ್ತಲಿನ ಕಲ್ಲಿನ ನೀರಿನ ತೊಟ್ಟಿಯಲ್ಲಿವೆ, ಸೊಳ್ಳೆಯ ಮರಿ ತಿನ್ನುತ್ತವೆ. ಅತ್ತೆ ದಿನಾ ಬೆಳಿಗ್ಗೆ ಎಣಿಸುತ್ತಾರೆ. ಈಗ ಎಣಿಕೆ ಸಿಗುತ್ತಿಲ್ಲ, ಅಷ್ಟು ಮರಿ.

ಎರಡನೇ ಸಲವೂ ಮೀನು ಕೊಡಲಿಲ್ಲ. ತಮ್ಮ ಟ್ಯಾಂಕಿನಲ್ಲಿ ಓಡುತ್ತಿದ್ದ ಒಂದು ಕಪ್ಪಾದ ಸ್ಪಂಜ್ ಫಿಲ್ಟರ್ ಕಿತ್ತು, ಅದೇ ನೀರಿನ ಸಮೇತ ಚೀಲದಲ್ಲಿ ಕಟ್ಟಿಕೊಟ್ಟರು. 150 ರೂಪಾಯಿ. ನೋಡಿದರೆ ಕೊಳಕು ಅನ್ನಿಸುತ್ತದೆ. ಆದರೆ ಬೆಲೆ ಇರುವುದು ಆ ಕೊಳಕಿಗೇ. ಮೀನಿನ ಹೊಲಸು, ಉಳಿದ ಊಟ ಕೊಳೆತು ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟ್ ಅಷ್ಟು ಕೆಡುಕಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ತಾವಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಓಡಿದ ಸ್ಪಂಜ್ ಹಾಕಿದರೆ ಬೇಗ ಆಗುತ್ತದೆ. “ನಳದ ಕೆಳಗ ಹಿಡದು ತೊಳೀಬ್ಯಾಡ್ರಿ ಮತ್ತ” ಅಂತ ಮೂರು ಸಲ ಹೇಳಿದರು. ನಳದ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿಗೆ ಹಾಕುವ ನಳದ ನೀರನ್ನೂ ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಜತೆಗೆ ಕ್ಲೋರಿನ್ ತೆಗೆಯುವ ಹನಿ ಹಾಕಿ ಬಳಸು ಅಂದರು.

ಮೂರು ವಾರ ಬಿಟ್ಟು ಐದು ಜೀಬ್ರಾ ಡೇನಿಯೊ ಕೊಟ್ಟರು. ಗಟ್ಟಿ ಮೀನು. ಅವು ನೆಟ್ಟಗಿದ್ದವು. ಟ್ಯಾಂಕಿನ ಸ್ವಲ್ಪ ನೀರು ತೆಗೆದು ಅಮೋನಿಯಾ ಪರೀಕ್ಷೆಯ ಹನಿ ಹಾಕಿದಾಗ ಅದು ಹಸಿರಾಗದೆ ಹಳದಿಯೇ ಉಳಿಯಿತು. ಅಂದರೆ ಅಮೋನಿಯಾ ಇಲ್ಲ. ಅದಾಗಿ ಎರಡು ತಿಂಗಳ ಮೇಲೆ ಎಂಟು ನಿಯಾನ್.

ಆ ಎಂಟು ನಿಯಾನ್ ಹಿಡಿದ ರೀತಿ ಹೇಳಲೇಬೇಕು. ಕಾಕಾನ ಸ್ಟೂಲಿನ ಪಕ್ಕ ಒಂದು ಬಕೆಟ್, ಅದರಲ್ಲಿ ತಿಳಿ ನೇರಳೆ ಬಣ್ಣದ ನೀರು. ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿದ್ದು. ಬಲೆಗಳೆಲ್ಲ ಅದರಲ್ಲಿ ಮುಳುಗಿರುತ್ತವೆ. ಒಂದು ಟ್ಯಾಂಕಿಗೆ ಹಾಕಿದ ಬಲೆ ತೊಳೆಯದೆ ಇನ್ನೊಂದಕ್ಕೆ ಹೋಗುವುದಿಲ್ಲ. ಮೊದಲು ಒಂದು ಚಿಟಿಕೆ ಊಟ ಹಾಕಿದರು. “ಯಾವುದು ತಿಂತೈತಿ ನೋಡು ತಮ್ಮಾ” ಅಂತ ಮಗನಿಗೆ ಹೇಳಿದರು. ಮಗ ಗಾಜಿಗೆ ಮೂಗು ಹಚ್ಚಿ ನಿಂತ. ಊಟಕ್ಕೆ ಓಡಿ ಬಂದ ಮೀನನ್ನು ಅವನು ತೋರಿಸಬೇಕು, ಕಾಕಾ ಹಿಡಿಯಬೇಕು. ಮೂಲೆಯಲ್ಲಿ ರೆಕ್ಕೆ ಮಡಚಿಕೊಂಡು ನಿಂತ ಒಂದು ಮೀನು ಬಲೆಗೆ ತಾನಾಗಿ ಬಂತು. ಕಾಕಾ ಅದನ್ನು ವಾಪಸ್ ಬಿಟ್ಟರು. ಬಲೆಯ ಬಟ್ಟೆ ಮಲ್ಮಲ್ಲಿನಷ್ಟು ಮೆತ್ತಗಿತ್ತು, ನಾನು ಮುಟ್ಟಿ ನೋಡಿದೆ. ಎಂಟು ಮೀನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ಇಬ್ಬರು ಗಿರಾಕಿ ಕಾಯುತ್ತಿದ್ದರು. ಕಾಯಲಿ ಅಂತ ಬಿಟ್ಟರು.

ನಿಯಾನಿನ ಮೈಮೇಲಿನ ಆ ಗೆರೆ ಇದೆಯಲ್ಲ, ಅದಕ್ಕೆ ಹೊಂದುವ ದಾರ ನನ್ನ ಡಬ್ಬಿಯಲ್ಲಿ ಇಲ್ಲ. ನವಿಲು ನೀಲಿಗೂ ರಾಮಾ ಹಸಿರಿಗೂ ನಡುವಿನದು. ಆರೋಗ್ಯ ಕೆಟ್ಟರೆ ಆ ಗೆರೆ ಮಾಸುತ್ತದೆ. ರಾತ್ರಿ ಲೈಟ್ ಆರಿಸಿದ ಮೇಲೆ ಮಾಸಿದರೆ ಹೆದರಬೇಡಿ, ಬೆಳಕಿನಲ್ಲಿ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ.

ಯಾವ ಅಂಗಡಿಗೆ ಹೋದರೂ ನಾನು ಈಗ ಐದು ನಿಮಿಷ ಸುಮ್ನೆ ನಿಂತು ನೋಡುತ್ತೇನೆ. ಸತ್ತ ಮೀನು ಟ್ಯಾಂಕಿನಲ್ಲೇ ಇದ್ದರೆ ಹೊರಗೆ ಬರುತ್ತೇನೆ. ಮೀನೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಹೊಟ್ಟೆ ಒಳಗೆ ಹೋಗಿದ್ದರೆ, ಹಾಗೇ. ಮೈಗೆ ಬಣ್ಣ ಚುಚ್ಚಿದ ಮೀನು ಮಾರುವ ಅಂಗಡಿಗೆ ಕಾಲಿಡುವುದಿಲ್ಲ. ಗುಲಾಬಿ, ನೀಲಿ ಬಣ್ಣದ ಟೆಟ್ರಾ, ಗ್ಲಾಸ್ ಫಿಶ್ ಅಂತ ಕೊಡುತ್ತಾರೆ. ಮೀನಿಗೆ ನೋವು ಕೊಟ್ಟು ಹಾಕಿದ ಬಣ್ಣ ಅದು, ಕೆಲವು ತಿಂಗಳಲ್ಲಿ ಹೋಗುತ್ತದೆ. ಕಾಕಾ ಅವನ್ನು ತರಿಸುವುದೇ ಇಲ್ಲ. ಗೋಲ್ಡ್ ಫಿಶ್ಶಿಗೆ ಗಾಜಿನ ದುಂಡು ಬೌಲನ್ನೂ ಮಾರುವುದಿಲ್ಲ.

ನಮ್ಮ ಸಕ್ಕರ್ ಮೀನನ್ನೂ ಅವರೇ ವಾಪಸ್ ತಗೊಂಡರು. ಪಾಚಿ ತಿನ್ನುತ್ತದೆ ಅಂತ ಹೇಳಿ ಕೊಟ್ಟಿದ್ದರು, ಒಂದು ಅಡಿಗಿಂತ ಜಾಸ್ತಿ ಬೆಳೆಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಕೆಲಗೇರಿ ಕೆರೆಗೆ ಬಿಡೋಣ ಅಂತ ನಮ್ಮ ಮನೆಯವರು ಅಂದಿದ್ದರು. ಕಾಕಾ ಕೇಳಿ ಗದರಿಸಿದರು. ಹೊರದೇಶದ ಮೀನು ಕೆರೆಗೆ ಬಿದ್ದರೆ ಅಲ್ಲೇ ಬೆಳೆದು ನಮ್ಮ ಮೀನಿಗೆ ಜಾಗ, ಊಟ ಉಳಿಸುವುದಿಲ್ಲ. ಉಣಕಲ್ ಕೆರೆಗಾಗಲಿ, ಕೆಲಗೇರಿಗಾಗಲಿ, ದಯವಿಟ್ಟು ಯಾರೂ ಬಿಡಬೇಡಿ. ಸಾಕಲು ಆಗದಿದ್ದರೆ ಅಂಗಡಿಗೇ ಕೊಡಿ.

ಕೊರತೆಗಳೂ ಇವೆ. ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ. ಮಧ್ಯಾಹ್ನ ಎರಡರಿಂದ ಐದು ಬಾಗಿಲು ಹಾಕಿರುತ್ತದೆ, ನಾನು ಒಂದು ಸಲ ಹೋಗಿ ವಾಪಸ್ ಬಂದಿದ್ದೇನೆ. ಫೋನ್ ಎತ್ತುವುದಿಲ್ಲ. ಅಪರೂಪದ ಮೀನು, ಒಳ್ಳೆಯ ಗಿಡ ಸಿಗುವುದಿಲ್ಲ. ನಿಯಾನ್ ಒಂದಕ್ಕೆ 40 ರೂಪಾಯಿ, ಬೇರೆ ಕಡೆ 25ಕ್ಕೂ ಸಿಗುತ್ತದೆ. ಮಾತು ಸ್ವಲ್ಪ ಒರಟು, ಮೊದಲ ಸಲ ಹೋದವರಿಗೆ ಬೇಜಾರಾಗಬಹುದು. ನನಗೆ 15 ರೂಪಾಯಿ ಜಾಸ್ತಿ ಕೊಡುವುದು ಭಾರ ಅನ್ನಿಸಿಲ್ಲ. ಮೊದಲ ಹತ್ತು ನಿಯಾನಿನಲ್ಲಿ ಒಂದೂ ಉಳಿಯಲಿಲ್ಲ. ಈ ಎಂಟರಲ್ಲಿ ಹದಿನಾಲ್ಕು ತಿಂಗಳ ಮೇಲೆ ಏಳು ಇವೆ.

ಧಾರವಾಡದವರಿಗೆ ಒಂದು ಮಾತು. ಮೀನು ತರುವಾಗ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಎಸಿ ಗಾಳಿ ಚೀಲಕ್ಕೆ ತಾಗಿ ನೀರು ತಣ್ಣಗಾಗುತ್ತದೆ. ನಾನು ಸ್ಟೀಲಿನ ಡಬ್ಬಿಯಲ್ಲಿ ಚೀಲ ಇಟ್ಟು, ಸುತ್ತ ಟವೆಲ್ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆ. ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಆಟೋ. ಮನೆಯಲ್ಲಿ ಚೀಲವನ್ನು ಟ್ಯಾಂಕಿನ ನೀರಿನ ಮೇಲೆ ಹದಿನೈದು ನಿಮಿಷ ತೇಲಿಸಿ, ಒಂದೊಂದೇ ಲೋಟ ನೀರು ಬೆರೆಸಿ, ಆಮೇಲೆ ಮೀನನ್ನು ಬಲೆಯಿಂದ ಬಿಡುತ್ತೇನೆ. ಚೀಲದ ನೀರನ್ನು ಟ್ಯಾಂಕಿಗೆ ಹಾಕುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನಮ್ಮ ಧಾರವಾಡದ ರಾತ್ರಿಗೆ ಹೀಟರ್ ಬೇಕೇ ಬೇಕು. ನಮ್ಮದು 50 ವ್ಯಾಟಿನದು, 25 ಡಿಗ್ರಿಗೆ ಇಟ್ಟಿದ್ದೇನೆ.

ಮಗನಿಗೆ ಈಗ ಏಂಜೆಲ್ ಮೀನು ಬೇಕಂತೆ. ದೊಡ್ಡದಾದರೆ ನಿಯಾನನ್ನೇ ತಿನ್ನುತ್ತದೆ, ಈ ಟ್ಯಾಂಕಿನ ಎತ್ತರವೂ ಸಾಲುವುದಿಲ್ಲ ಅಂತ ಕಾಕಾ ಕೊಟ್ಟಿಲ್ಲ. ಗದಗಿನಲ್ಲಿರುವ ನಮ್ಮಕ್ಕ ಮಾತ್ರ ಹೊಸ ಟ್ಯಾಂಕ್ ತಗೊಂಡಿದ್ದಾಳೆ, ಮೀನು ಇನ್ನೂ ಬಿಟ್ಟಿಲ್ಲ. ಬರುವ ಶನಿವಾರ ಹುಬ್ಬಳ್ಳಿಗೆ ಬರುತ್ತಾಳೆ. ಅವರ ಮನೆಯಲ್ಲೂ ಬೋರು, ನಳ ಎರಡೂ ಇವೆ. ಎರಡು ಬಾಟಲಿ ತುಂಬಿಕೊಂಡು ಬಾ, ಯಾವುದು ಯಾವ ನೀರು ಅಂತ ಮರೆಯದ ಹಾಗೆ ದಾರ ಕಟ್ಟು ಅಂದಿದ್ದೇನೆ.