ತೋಳಿನ ಮೂಳೆ ಕೂಡುತ್ತಿಲ್ಲವೇ? ‘ಇನ್ನೂ ಕಾಯಿರಿ’ ಎಂದರೆ ಸುಮ್ಮನಿರಬೇಡಿ

ತೋಳಿನ ಮೂಳೆ ಮುರಿದು ಬ್ರೇಸ್ (ತೋಳನ್ನು ಸುತ್ತಿ ಹಿಡಿಯುವ ಗಟ್ಟಿ ಪಟ್ಟಿ) ಹಾಕಿಸಿಕೊಂಡವರು, ಅವರನ್ನು ನೋಡಿಕೊಳ್ಳುತ್ತಿರುವವರು ದಯವಿಟ್ಟು ಓದಿ. ನಮ್ಮ ಅಕ್ಕ ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು.

ಅಕ್ಕ ಬಿದ್ದಾಗ ಮುರಿದದ್ದು ಭುಜಕ್ಕೂ ಮೊಣಕೈಗೂ ನಡುವಿನ ಮೂಳೆ. ಆಪರೇಷನ್ ಬೇಡ, ಬ್ರೇಸ್ ಸಾಕು ಎಂದರು. ಅದು ಸರಿಯೇ. ಹೆಚ್ಚಿನವರಿಗೆ ಈ ಮೂಳೆ ಬ್ರೇಸ್‌ನಲ್ಲೇ ಕೂಡಿಕೊಳ್ಳುತ್ತದೆ. ಎಡವಟ್ಟಾಗಿದ್ದು ಆಮೇಲೆ. ಒಂದೂವರೆ ತಿಂಗಳಾದರೂ ಮಗ್ಗಲು ಬದಲಿಸಿದರೆ ಮುರಿದ ಜಾಗ ಒಳಗೇ ಸರಿಯುತ್ತಿತ್ತು. ಅಕ್ಕ ಅದನ್ನು ಹೇಳಿದರೂ ಡಾಕ್ಟರು ಬ್ರೇಸ್ ಬಿಚ್ಚಿ ಮುಟ್ಟಿ ನೋಡಲಿಲ್ಲ. ಎಕ್ಸ್‌ರೇ ಮೇಲೆ ಕಣ್ಣಾಡಿಸಿ, ‘ವಯಸ್ಸಾಯ್ತಲ್ಲ, ನಿಧಾನ ಆಗುತ್ತೆ, ಮುಂದಿನ ತಿಂಗಳು ಬನ್ನಿ’ ಎಂದರು. ಪ್ರತಿ ಸಲವೂ ಇದೇ ಮಾತು. ಅಷ್ಟರಲ್ಲಿ ಭುಜ, ಮೊಣಕೈ ಎರಡೂ ಬಿಗಿದುಹೋದವು. ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ.

ಬೇರೆ ಡಾಕ್ಟರು ತೋಳು ಹಿಡಿದು ನೋಡಿದ ಕೂಡಲೇ ಹೇಳಿದರು: ಇದು ಕೂಡಿಲ್ಲ. ಆರು ವಾರದ ಹೊತ್ತಿಗೂ ಮುರಿದ ಜಾಗ ಅಲುಗಾಡುತ್ತಿದ್ದರೆ ಅದು ತಾನಾಗಿ ಕೂಡದೇ ಹೋಗುವ ಸಾಧ್ಯತೆ ಜಾಸ್ತಿಯಂತೆ. ನೆನಪಿಡಿ, ನೀವೇ ಅಲುಗಾಡಿಸಿ ನೋಡಬೇಡಿ. ಡಾಕ್ಟರನ್ನೇ ಕೈಯಿಟ್ಟು ನೋಡಲು ಕೇಳಿ, ಎಕ್ಸ್‌ರೇಯನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಸಿ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್ ಬಗ್ಗೆ ಕೇಳಿ.

ಕೊನೆಗೆ ಅಕ್ಕನಿಗೆ ಆಪರೇಷನ್ ಮಾಡಬೇಕಾಯಿತು. ಅದಕ್ಕೆ ಮುಂಚೆ ಈ ಹೊಸ ಡಾಕ್ಟರು ಸಕ್ಕರೆ, ವಿಟಮಿನ್ ಡಿ, ಥೈರಾಯ್ಡ್ ನೋಡಿಸಿದರು. ಸೋಂಕು ಇದೆಯೇ ಎಂದು ತಿಳಿಯಲು ಇಎಸ್ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಿದರು. ಮೊದಲೇ ಪ್ಲೇಟ್ ಅಥವಾ ರಾಡ್ ಹಾಕಿಸಿಕೊಂಡು ಕೂಡದವರಿಗಂತೂ ಸೋಂಕಿನ ಪರೀಕ್ಷೆ ತುಂಬಾ ಮುಖ್ಯ. ಒಳಗೆ ಸೋಂಕಿದ್ದರೆ ಮೊದಲು ಅದನ್ನು ತೊಲಗಿಸಬೇಕು. ಬೀಡಿ, ಸಿಗರೇಟು ಸೇದುವವರು ನಿಲ್ಲಿಸಲೇಬೇಕು, ಅದು ಮೂಳೆ ಕೂಡುವುದನ್ನೇ ತಡೆಯುತ್ತದೆ.

ಅಕ್ಕನಿಗೆ ಮುರಿದ ತುದಿಗಳನ್ನು ಶುಚಿ ಮಾಡಿ, ಒತ್ತಿ ಸೇರಿಸಿ, ಪ್ಲೇಟ್ ಸ್ಕ್ರೂ ಹಾಕಿದರು. ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಅಲ್ಲಿ ತುಂಬಿದರು. ಸೊಂಟದ ಆ ಗಾಯದ ನೋವನ್ನು ಯಾರೂ ಮೊದಲೇ ಹೇಳುವುದಿಲ್ಲ, ನೀವೇ ಕೇಳಿಕೊಳ್ಳಿ. ಇನ್ನೊಂದು ಮಾತು: ಈ ಮೂಳೆಗೆ ಅಂಟಿಕೊಂಡಂತೆ ರೇಡಿಯಲ್ ನರ ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಮಣಿಕಟ್ಟು ಮೇಲೆತ್ತಲು ಬರುವುದಿಲ್ಲ. ಆದ್ದರಿಂದ ಇಂಥ ಮೂಳೆಗಳನ್ನು ಮತ್ತೆ ಕೂಡಿಸಿ ಅನುಭವ ಇರುವವರ ಹತ್ತಿರವೇ ಹೋಗಿ, ನರವನ್ನು ಹೇಗೆ ಕಾಪಾಡುತ್ತೀರಿ ಎಂದು ನೇರವಾಗಿ ಕೇಳಿ. ಹಳೆಯ ಎಕ್ಸ್‌ರೇಗಳನ್ನೆಲ್ಲ ಜೊತೆಗೆ ಒಯ್ಯಿರಿ. ತಿಂಗಳುಗಟ್ಟಲೆ ಮೂಳೆ ಇದ್ದಂತೆಯೇ ಇದೆ ಎಂಬುದು ಅವನ್ನು ಪಕ್ಕಪಕ್ಕ ಇಟ್ಟಾಗಲೇ ಕಾಣುವುದು.