ಲಿಂಕ್ಡ್‌ಇನ್ ರೆಕಮೆಂಡೇಶನ್: ಕೇಳಿ, ಬರೆದು, ಓದಿ ನೋಡಿದ ಮೇಲೆ

ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಕೆಳಗೆಲ್ಲೋ ಕೂತಿರುವ ರೆಕಮೆಂಡೇಶನ್ ವಿಭಾಗದ ಬಗ್ಗೆ, ಅಂದರೆ ಜೊತೆಗೆ ಕೆಲಸ ಮಾಡಿದವರು ನಮ್ಮ ಬಗ್ಗೆ ಬರೆದುಕೊಡುವ ಶಿಫಾರಸಿನ ಬಗ್ಗೆ ಮಾತ್ರ ಈ ವಿಮರ್ಶೆ. ಇಡೀ ಲಿಂಕ್ಡ್‌ಇನ್ ಬಗ್ಗೆ ಅಲ್ಲ, ಅದರ ಫೀಡ್ ಬಗ್ಗೆ ಶುರು ಮಾಡಿದರೆ ಅದೇ ಒಂದು ದೊಡ್ಡ ಪುರಾಣ ಆಗುತ್ತದೆ. ಈ ಸೌಲಭ್ಯವನ್ನು ನಾನು ವರ್ಷಗಟ್ಟಲೆ ಬಳಸಿದ್ದೇನೆ. ಬೇರೆಯವರನ್ನು ಕೇಳಿದ್ದೇನೆ, ಕೇಳಿದವರಿಗೆ ಬರೆದುಕೊಟ್ಟಿದ್ದೇನೆ, ಟೀಮಿಗೆ ಜನ ತೆಗೆದುಕೊಳ್ಳುವಾಗ ಅಭ್ಯರ್ಥಿಗಳ ಪ್ರೊಫೈಲಿನಲ್ಲಿ ಓದಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಸೌಲಭ್ಯ ಚೆನ್ನಾಗಿದೆ. ಅದರಲ್ಲಿ ತುಂಬಿರುವ ಬರಹ ಮುಕ್ಕಾಲು ಪಾಲು ಸಪ್ಪೆ.

ಮೊದಲು ಒಂದು ಗೊಂದಲ ಮುಗಿಸಿಬಿಡೋಣ. ಎಂಡೋರ್ಸ್‌ಮೆಂಟ್ ಬೇರೆ, ರೆಕಮೆಂಡೇಶನ್ ಬೇರೆ. 2012ರಲ್ಲಿ ಬಂದ ಎಂಡೋರ್ಸ್‌ಮೆಂಟ್ ಅಂದರೆ ‘ಇವರಿಗೆ ಎಕ್ಸೆಲ್ ಬರುತ್ತದೆ’ ಅಂತ ಒಂದು ಬಟನ್ ಒತ್ತುವುದು, ಅಷ್ಟೇ. ನಿಮ್ಮ ಜೊತೆ ಒಂದು ದಿನವೂ ಕೆಲಸ ಮಾಡದವರು ಕೂಡ ಒತ್ತಿ ಹೋಗಿರುತ್ತಾರೆ. ರೆಕಮೆಂಡೇಶನ್ ಹಾಗಲ್ಲ, ಯಾರಾದರೂ ಕೂತು ಬರೆಯಲೇಬೇಕು. ಫಸ್ಟ್ ಡಿಗ್ರಿ ಕನೆಕ್ಷನ್ ಆಗಿರುವವರನ್ನು, ಅಂದರೆ ನಿಮ್ಮ ಜೊತೆ ನೇರವಾಗಿ ಕನೆಕ್ಟ್ ಆಗಿರುವವರನ್ನು ಮಾತ್ರ ಕೇಳಬಹುದು. ಅವರು ನಿಮ್ಮ ಮ್ಯಾನೇಜರ್ ಆಗಿದ್ದರಾ, ಒಂದೇ ಟೀಮಿನಲ್ಲಿದ್ದರಾ, ಗ್ರಾಹಕರಾಗಿದ್ದರಾ, ಪಾಠ ಹೇಳಿದವರಾ ಅಂತ ಆರಿಸಬೇಕು. ಆಗ ನೀವು ಯಾವ ಹುದ್ದೆಯಲ್ಲಿದ್ದಿರಿ ಎನ್ನುವುದನ್ನೂ ಹೇಳಬೇಕು. ಅವರು ಬರೆದದ್ದು ಮೊದಲು ನಿಮ್ಮ ಕೈಗೆ ಬರುತ್ತದೆ, ನೀವು ಒಪ್ಪಿದ ಮೇಲೆ ಪ್ರೊಫೈಲಿಗೆ ಹೋಗುತ್ತದೆ. ಮಿತಿ 3000 ಅಕ್ಷರ. ಅಷ್ಟು ಬರೆಯುವ ಅಗತ್ಯ ಯಾರಿಗೂ ಇಲ್ಲ ಬಿಡಿ.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗಿರುವುದು ಒಂದು ನಿರ್ಬಂಧ. ಬಂದ ಬರಹದಲ್ಲಿ ಒಂದು ಅಕ್ಷರ ಕೂಡ ನೀವು ತಿದ್ದುವಂತಿಲ್ಲ. ಬೇಕಾದರೆ ತಿದ್ದಿಕೊಡಿ ಅಂತ ಬರೆದವರಿಗೇ ವಾಪಸ್ ಕಳಿಸಬಹುದು, ಇಲ್ಲವೇ ಮರೆಮಾಡಬಹುದು. ಬರೆದವರು ಯಾವಾಗ ಬೇಕಾದರೂ ಬದಲಾಯಿಸಬಹುದು, ತೆಗೆದೂ ಹಾಕಬಹುದು. ರೆಸ್ಯೂಮೆಯಲ್ಲಿ ನಮ್ಮ ಬಗ್ಗೆ ನಾವೇ ಏನು ಬೇಕಾದರೂ ಬರೆದುಕೊಳ್ಳುತ್ತೇವೆ. ಇಲ್ಲಿ ಮಾತು ಬೇರೆಯವರದು, ಅವರ ಹೆಸರು, ಫೋಟೋ, ಪ್ರೊಫೈಲ್ ಎಲ್ಲ ಪಕ್ಕದಲ್ಲೇ ಇರುತ್ತದೆ. ನಂಬಿಕೆ ಹುಟ್ಟುವುದು ಅಲ್ಲಿಂದಲೇ.

ಕೇಳುವ ಭಾಗಕ್ಕೆ ಬರೋಣ. ರಿಕ್ವೆಸ್ಟ್ ಫಾರ್ಮ್ ತೆರೆದರೆ ‘ನನಗೊಂದು ರೆಕಮೆಂಡೇಶನ್ ಬರೆದುಕೊಡ್ತೀರಾ’ ಎನ್ನುವ ಅರ್ಥದ ಒಂದು ಸಾಲು ಮೊದಲೇ ತುಂಬಿರುತ್ತದೆ. ಜನ ಅದನ್ನು ಹಾಗೇ ಕಳಿಸಿಬಿಡುತ್ತಾರೆ. ನನಗೂ ಇಂಥವು ಬರುತ್ತಲೇ ಇರುತ್ತವೆ. ಐದಾರು ವರ್ಷದ ಹಿಂದೆ ಜೊತೆಗಿದ್ದವರು, ಈಗ ಯಾವ ಕೆಲಸ ಹುಡುಕುತ್ತಿದ್ದಾರೆ ಅಂತ ಗೊತ್ತಿಲ್ಲ, ನಾನು ಏನು ಬರೆಯಬೇಕು ಅಂತ ಅವರ ಮನಸ್ಸಿನಲ್ಲಿದೆಯೋ ಅದೂ ಗೊತ್ತಿಲ್ಲ. ಹೀಗಿರುವಾಗ ಯಾರೂ ಬರೆಯುವುದಿಲ್ಲ. ‘ಆಮೇಲೆ ನೋಡೋಣ’ ಅಂದುಕೊಂಡು ಮರೆಯುತ್ತಾರೆ. ಬರೆಯಲು ಇಷ್ಟವಿಲ್ಲ ಅಂತಲ್ಲ, ಖಾಲಿ ಪೆಟ್ಟಿಗೆ ಮುಂದೆ ಕೂತಾಗ ಏನೂ ಹೊಳೆಯುವುದಿಲ್ಲ.

ನನಗೆ ಬಂದವುಗಳಲ್ಲಿ ಕೆಲಸ ಮಾಡಿದ ರಿಕ್ವೆಸ್ಟ್ ಒಂದು ಹೀಗಿತ್ತು, ಸಣ್ಣಪುಟ್ಟ ವಿವರ ಬದಲಾಯಿಸಿ ಬರೆಯುತ್ತಿದ್ದೇನೆ: ‘ಸರ್, ಸಪೋರ್ಟ್ ಕೆಲಸ ಬಿಟ್ಟು ಟ್ರೈನಿಂಗ್ ಕಡೆ ಹೋಗಬೇಕು ಅಂತಿದ್ದೇನೆ. ನೀವು ಮ್ಯಾನೇಜರ್ ಆಗಿದ್ದಾಗ ಹೊಸಬರಿಗೆ ಅಂತ ಒಂದು ಕೈಪಿಡಿ ಮಾಡಿದ್ದೆ, ಆಮೇಲೆ ಎರಡು ಬ್ಯಾಚಿಗೆ ನಾನೇ ಹೇಳಿಕೊಟ್ಟೆ. ಆ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರೆ ತುಂಬಾ ಉಪಕಾರ. ತಿಂಗಳ ಕೊನೆಯೊಳಗೆ ಸಿಕ್ಕರೆ ಸಾಕು. ಆಗದಿದ್ದರೂ ಪರವಾಗಿಲ್ಲ ಸರ್, ಬೇಜಾರಿಲ್ಲ.’ ಇದನ್ನು ಓದಿದ ತಕ್ಷಣ ಆ ಕೈಪಿಡಿ ನೆನಪಾಯಿತು, ಅದರ ಮೇಲೆ ಆದ ಚರ್ಚೆ ನೆನಪಾಯಿತು. ಅವತ್ತೇ ಬರೆದು ಕಳಿಸಿದೆ. ಯಾವ ಕೆಲಸಕ್ಕೆ, ಯಾವ ಘಟನೆ, ಯಾವಾಗಿನೊಳಗೆ ಅಂತ ಹೇಳಿ, ‘ಇಲ್ಲ’ ಅನ್ನಲು ಒಂದು ಬಾಗಿಲು ತೆರೆದಿಟ್ಟಿದ್ದರು. ಅಷ್ಟಿದ್ದರೆ ಸಾಕು.

ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಸುಮ್ಮನಿರಿ. ಎಷ್ಟೋ ಕಂಪನಿಗಳಲ್ಲಿ ಮಾಜಿ ಉದ್ಯೋಗಿಗಳ ಬಗ್ಗೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಬಿಟ್ಟು ಬೇರೇನೂ ಹೇಳಬಾರದು ಎನ್ನುವ ನಿಯಮ ಇರುತ್ತದೆ. ಅಂಥ ಕಡೆ ಇರುವ ಮ್ಯಾನೇಜರ್ ಸುಮ್ಮನಿದ್ದರೆ ಅದು ಸಿಟ್ಟಲ್ಲ, ಎಚ್‌ಆರ್ ಭಯ. ಅದೇ ಮನುಷ್ಯ ಆ ಕಂಪನಿ ಬಿಟ್ಟ ಮೇಲೆ ಕೇಳಿ ನೋಡಿ, ಖುಷಿಯಿಂದ ಬರೆಯುತ್ತಾರೆ.

ಯಾವಾಗ ಕೇಳಬೇಕು ಅನ್ನುವುದು ಯಾರನ್ನು ಕೇಳಬೇಕು ಅನ್ನುವಷ್ಟೇ ಮುಖ್ಯ. ಪ್ರತಿ ರೆಕಮೆಂಡೇಶನ್ ಜೊತೆ ತಾರೀಕು ಕಾಣುತ್ತದೆ. ಒಂದೇ ವಾರದಲ್ಲಿ ಏಳೆಂಟು ಹೊಗಳಿಕೆ ಬಂದು ಕೂತರೆ ಈ ಮನುಷ್ಯ ಕೆಲಸ ಹುಡುಕುತ್ತಿದ್ದಾನೆ ಅಂತ ಡಂಗುರ ಹೊಡೆದ ಹಾಗೆ. ಈಗಿನ ಬಾಸ್ ಕೂಡ ನಿಮ್ಮ ಕನೆಕ್ಷನ್ ಲಿಸ್ಟಿನಲ್ಲೇ ಇರುತ್ತಾರೆ ಅಲ್ವಾ? ಪ್ರಾಜೆಕ್ಟ್ ಮುಗಿದ ವಾರ, ಟೀಮ್ ಬದಲಾದ ವಾರ, ಗ್ರಾಹಕರು ಥ್ಯಾಂಕ್ಸ್ ಹೇಳಿ ಮೇಲ್ ಕಳಿಸಿದ ದಿನ, ಇವೇ ಸರಿಯಾದ ಸಮಯ. ನೆನಪು ಬಿಸಿಯಾಗಿರುತ್ತದೆ, ವಿವರ ತಾನಾಗಿ ಬರುತ್ತದೆ.

‘ನೀನೇ ಬರೆದು ಕಳಿಸು, ನಾನು ಹಾಕ್ತೀನಿ’ ಎನ್ನುವ ಬಾಸ್‌ಗಳ ಬಗ್ಗೆ ಹೇಳದೆ ಇದನ್ನು ಮುಗಿಸಲು ಆಗುವುದಿಲ್ಲ. ಎಲ್ಲ ಕಡೆ ನಡೆಯುವುದೇ ಇದು. ಅವರಿಗೆ ಸಮಯವಿಲ್ಲ, ನಿಮಗೆ ಬೇಕು, ಒಪ್ಪಂದ ಸುಲಭ. ಆದರೆ ಹೀಗೆ ಬರೆದುಕೊಂಡ ನಾಲ್ಕು ರೆಕಮೆಂಡೇಶನ್ ಒಟ್ಟಿಗೆ ಓದಿದರೆ ಗುಟ್ಟು ರಟ್ಟಾಗುತ್ತದೆ. ನಾಲ್ಕು ಜನರ ಹೆಸರು, ಧ್ವನಿ ಮಾತ್ರ ಒಂದೇ. ಅದೇ ವಾಕ್ಯದ ಉದ್ದ, ಅದೇ ಮೆಚ್ಚಿನ ಪದಗಳು, ಒಬ್ಬ ನಿರ್ದೇಶಕರೂ ಒಬ್ಬ ಜೂನಿಯರ್ ಹುಡುಗನೂ ಒಂದೇ ಥರ ಮಾತಾಡುತ್ತಿರುತ್ತಾರೆ. ಇಡೀ ಪ್ಯಾರಾ ಕಳಿಸಬೇಡಿ. ಬರೀ ಸಂಗತಿಗಳನ್ನು ಚುಟುಕಾಗಿ ಬರೆದು ಕಳಿಸಿ: ಯಾವ ಪ್ರಾಜೆಕ್ಟ್, ಏನು ತೊಂದರೆ ಇತ್ತು, ನೀವು ಏನು ಮಾಡಿದಿರಿ. ವಾಕ್ಯ ಅವರೇ ಕಟ್ಟಲಿ. ಸ್ವಲ್ಪ ಒರಟಾಗಿ ಬಂದರೂ ಅವರದೇ ಮಾತು ಅಂತ ಗೊತ್ತಾಗುತ್ತದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಈ ಒರಟುತನಕ್ಕೆ ಬೆಲೆ ಇನ್ನೂ ಜಾಸ್ತಿಯಾಗಿದೆ, ಯಾಕೆಂದರೆ ನುಣುಪಾದ ಹೊಗಳಿಕೆ ಈಗ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ.

ಇನ್ನು ಬರೆಯುವವರ ಕಡೆ. ‘ಇವರು ತುಂಬಾ ಪರಿಶ್ರಮಿ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾರೆ, ಯಾವುದೇ ಸಂಸ್ಥೆಗೆ ಇವರು ಆಸ್ತಿ.’ ಈ ಸಾಲಿನಲ್ಲಿ ಹೆಸರು ಬದಲಾಯಿಸಿದರೆ ಜಗತ್ತಿನ ಯಾವ ಉದ್ಯೋಗಿಗೆ ಬೇಕಾದರೂ ಹೊಂದುತ್ತದೆ. ಅದೇ ವ್ಯಕ್ತಿಯ ಬಗ್ಗೆ ಹೀಗೆ ಬರೆದರೆ: ‘ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಯಿಸಿದ ತಿಂಗಳು ಹಳೆಯ ಲೆಕ್ಕವೆಲ್ಲ ಅಡ್ಡಾದಿಡ್ಡಿಯಾಗಿ ಬಂದಿತ್ತು. ಇವರು ಗ್ರಾಹಕರ ಒಂದು ಪಟ್ಟಿ ಮಾಡಿ, ಒಂದೊಂದೇ ಲೆಕ್ಕ ಸರಿಹೋದಂತೆ ಗುರುತು ಹಾಕುತ್ತ, ಆ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಯಾರ ತಪ್ಪು ಅಂತ ಒಮ್ಮೆಯೂ ಕೇಳಲಿಲ್ಲ.’ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಓದಿದವರಿಗೆ ಈ ಮನುಷ್ಯ ಟೀಮಿನಲ್ಲಿ ಇರಲಿ ಅನ್ನಿಸುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಅರ್ಧಕ್ಕೆ ನಿಂತ ಕೆಲಸ ಎತ್ತಿ ಮುಗಿಸುವುದರಲ್ಲಿ ಇವರು ಗಟ್ಟಿ’ ಅಂತ ಎಲ್ಲಿ ಹೊಂದುತ್ತಾರೆ ಎನ್ನುವುದನ್ನು ಹೇಳಿದರೆ, ನೇಮಕ ಮಾಡುವವರಿಗೆ ಅದರಷ್ಟು ಉಪಯೋಗದ ಮಾತು ಬೇರೆ ಇಲ್ಲ.

ಇಂಥ ಘಟನೆಯನ್ನು ಮೊದಲ ಸಾಲಿನಲ್ಲೇ ಇಡಿ. ಉದ್ದದ ಬರಹವನ್ನು ಪ್ರೊಫೈಲ್ ಅರ್ಧಕ್ಕೆ ಕತ್ತರಿಸಿ ತೋರಿಸುತ್ತದೆ, ಉಳಿದದ್ದು ಓದಬೇಕಾದರೆ ಕ್ಲಿಕ್ ಮಾಡಬೇಕು. ‘ಇವರನ್ನು ನಾನು ಬಹಳ ವರ್ಷಗಳಿಂದ ಬಲ್ಲೆ, ಇವರ ಬಗ್ಗೆ ಬರೆಯಲು ಸಂತೋಷವಾಗುತ್ತದೆ’ ಅಂತ ಪೀಠಿಕೆ ಹಾಕುವಷ್ಟರಲ್ಲಿ ಓದುವವರು ಮುಂದೆ ಹೋಗಿರುತ್ತಾರೆ. ಗ್ರಾಹಕರ ಹೆಸರು, ವಹಿವಾಟಿನ ಅಂಕಿ ಅಂಶ ಹಾಕುವ ಮುಂಚೆ ಯೋಚಿಸಿ, ಬಹಿರಂಗ ಪುಟ ಅದು.

ಬರೆಯಲು ಮನಸ್ಸಿಲ್ಲದಿದ್ದರೆ ಬರೆಯಬೇಡಿ. ದಾಕ್ಷಿಣ್ಯಕ್ಕೆ ಬರೆದ ಎರಡು ಸಾಲು ಇಬ್ಬರಿಗೂ ಕೆಡುಕು. ‘ಸಮಯಕ್ಕೆ ಸರಿಯಾಗಿ ಬರುತ್ತಿದ್ದರು’ ಅಂತ ಮಾತ್ರ ಬರೆದಿದ್ದರೆ ಓದುವವರು ಏನು ಅರ್ಥ ಮಾಡಿಕೊಳ್ಳುತ್ತಾರೆ ಹೇಳಿ. ‘ನಾವು ಒಟ್ಟಿಗೆ ಕೆಲಸ ಮಾಡಿದ್ದು ಕಡಿಮೆ, ನಿಮ್ಮ ಟೀಮ್ ಲೀಡ್ ಬರೆದರೆ ಹೆಚ್ಚು ತೂಕ ಇರುತ್ತದೆ’ ಅಂತ ಹೇಳಿದರೆ ಯಾರಿಗೂ ನೋವಾಗುವುದಿಲ್ಲ.

ನೇಮಕದ ಕಡೆ ಕೂತಾಗ ನಾನು ಮೊದಲು ತೆಗೆಯುವುದು ‘ಗಿವನ್’ ಎನ್ನುವ ಟ್ಯಾಬ್, ಅಂದರೆ ಅಭ್ಯರ್ಥಿ ಬೇರೆಯವರ ಬಗ್ಗೆ ಬರೆದದ್ದು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಲ್ಲಿ ಒಬ್ಬರು ತಮ್ಮ ಜೂನಿಯರ್ ಬಗ್ಗೆ ವಿವರವಾಗಿ, ಪ್ರೀತಿಯಿಂದ ಬರೆದಿದ್ದರೆ, ಅದು ಅವರಿಗೆ ಬಂದ ಹತ್ತು ಹೊಗಳಿಕೆಗಿಂತ ಹೆಚ್ಚು ಹೇಳುತ್ತದೆ. ‘ನೀನು ನನಗೆ ಬರಿ, ನಾನು ನಿನಗೆ ಬರೀತೀನಿ’ ಲೆಕ್ಕವೂ ಅಲ್ಲೇ ಸಿಕ್ಕಿಬೀಳುತ್ತದೆ. ಬಂದದ್ದು ಮಂಗಳವಾರ, ಕೊಟ್ಟದ್ದು ಬುಧವಾರ, ಅದೇ ವ್ಯಕ್ತಿ! ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಇಬ್ಬರೂ ನಿಜವಾಗಿ ಒಳ್ಳೆಯ ಕೆಲಸಗಾರರೇ ಇರಬಹುದು. ಆದರೆ ಓದುವಾಗ ತೂಕ ಅರ್ಧ ಇಳಿದುಹೋಗುತ್ತದೆ. ನಿಮ್ಮಿಂದ ಏನೂ ಲಾಭವಿಲ್ಲದ ಒಬ್ಬರು, ಉದಾಹರಣೆಗೆ ಹಳೆಯ ಗ್ರಾಹಕರೋ ಬೇರೆ ವಿಭಾಗದವರೋ, ಬರೆದ ಒಂದೇ ಒಂದು ರೆಕಮೆಂಡೇಶನ್ ಇದ್ದರೂ ನಾನು ಅದನ್ನು ಪೂರ್ತಿ ಓದುತ್ತೇನೆ.

ಇದರಿಂದ ಕೆಲಸ ಸಿಗುತ್ತಾ ಅಂತ ಕೇಳಿದರೆ, ನೇರವಾಗಿ ಇಲ್ಲ. ಕಂಪನಿಗಳು ಕೊನೆಯಲ್ಲಿ ಫೋನ್ ಮಾಡಿ ವಿಚಾರಿಸುವುದನ್ನೇನೂ ಬಿಟ್ಟಿಲ್ಲ. ಇಬ್ಬರು ಅಭ್ಯರ್ಥಿಗಳು ಸರಿಸಮ ಇದ್ದಾಗ, ಸಂದರ್ಶನಕ್ಕೆ ಮುಂಚೆ ಪ್ರೊಫೈಲ್ ಇನ್ನೊಮ್ಮೆ ತೆರೆದಾಗ ಇದು ಕೆಲಸಕ್ಕೆ ಬರುತ್ತದೆ. ‘ಆ ಬಿಲ್ಲಿಂಗ್ ಲೆಕ್ಕದ ಕಥೆ ಏನದು, ಹೇಳಿ’ ಅಂತ ಮಾತು ಶುರುವಾಗುತ್ತದೆ. ಸ್ವತಂತ್ರವಾಗಿ ಕೆಲಸ ಮಾಡುವವರ ವಿಷಯ ಬೇರೆ. ಫ್ರೀಲಾನ್ಸರ್‌ಗಳು, ಕನ್ಸಲ್ಟೆಂಟ್‌ಗಳು, ಅನುವಾದಕರು, ಡಿಸೈನರ್‌ಗಳಿಗೆ ಹಿಂದೆ ನಿಲ್ಲಲು ಕಂಪನಿಯ ಹೆಸರು ಇರುವುದಿಲ್ಲ, ಗ್ರಾಹಕರ ಈ ನಾಲ್ಕು ಮಾತೇ ಬಂಡವಾಳ. ಅವರಿಗಾದರೆ ನಾನು ನಾಲ್ಕೂವರೆ ಕೊಡುತ್ತಿದ್ದೆ.

ಅಂಕ ಕಳೆದದ್ದು ಎಲ್ಲಿ ಅಂದರೆ, ಈ ಬರಹ ನಿಜಕ್ಕೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಕನೆಕ್ಷನ್ ಲಿಸ್ಟ್ ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಯಾರನ್ನಾದರೂ ತೆಗೆದರೆ, ಇಬ್ಬರ ನಡುವಿನ ರೆಕಮೆಂಡೇಶನ್‌ಗಳೂ ಎಂಡೋರ್ಸ್‌ಮೆಂಟ್‌ಗಳೂ ಜೊತೆಗೇ ಹೋಗುತ್ತವೆ, ಆಮೇಲೆ ಮತ್ತೆ ಕನೆಕ್ಟ್ ಆದರೂ ವಾಪಸ್ ಬರುವುದಿಲ್ಲ. ಬರೆದವರಿಗೂ ಇದೇ ಅಧಿಕಾರ ಇದೆ. ಹಾಗಾಗಿ ಒಳ್ಳೆಯದೊಂದು ಬಂದ ದಿನವೇ ಅದನ್ನು ಕಾಪಿ ಮಾಡಿ ಬೇರೆ ಕಡೆ ಇಟ್ಟುಕೊಳ್ಳಿ. ಇಲ್ಲವಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ಡೇಟಾ ಪ್ರೈವಸಿ ಒಳಗೆ ನಿಮ್ಮ ಡೇಟಾದ ಪ್ರತಿ ಕೇಳುವ ಆಯ್ಕೆ ಇದೆ. ಬಂದ ಫೈಲುಗಳಲ್ಲಿ ಪಡೆದ ರೆಕಮೆಂಡೇಶನ್ ಒಂದರಲ್ಲಿ, ಕೊಟ್ಟದ್ದು ಇನ್ನೊಂದರಲ್ಲಿ ಇರುತ್ತದೆ, ಎರಡೂ ಎಕ್ಸೆಲ್‌ನಲ್ಲಿ ತೆರೆಯುತ್ತವೆ.