ಡ್ರಮ್ ಬಾಯಿಯ ಪಾರ್ಸೆಲ್ ಪೆಟ್ಟಿಗೆ: ಬೀಗವೇನೋ ಗಟ್ಟಿ, ಹೊಟ್ಟೆ ಮಾತ್ರ ಎಲ್ಲರಿಗೂ ಒಂದೇ

ಹಿಡಿಕೆ ಎಳೆದರೆ ಮೇಲಿನ ಡ್ರಮ್ ಹೊರಕ್ಕೆ ಬಾಗುತ್ತದೆ. ಪಾರ್ಸೆಲ್ ಇಟ್ಟು ಮುಚ್ಚಿದರೆ ಅದು ದಬ್ಬನೆ ಕೆಳಗೆ ಬೀಳುತ್ತದೆ. ಮತ್ತೆ ಎಳೆದರೆ ಕಾಣುವುದು ಖಾಲಿ ಡ್ರಮ್. ತೆಗೆದುಕೊಳ್ಳಲು ಕೆಳಗೆ ನಂಬರ್ ಬೀಗದ ಬಾಗಿಲು. ಒಂಟಿ ಮನೆಗೆ ಹೇಳಿಮಾಡಿಸಿದ ಈ ಪೆಟ್ಟಿಗೆಯನ್ನು ಅಪಾರ್ಟ್‌ಮೆಂಟ್ ಲಾಬಿಗೆ ತರುವುದಾದರೆ ಪರಸ್ಪರ ಗುರುತಿರುವ ಮೂರ್ನಾಲ್ಕು ಮನೆಗಳಿಗೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಬೇಡ.

ಕೊಳ್ಳುವವರು ಬೀಗವನ್ನು ತಿರುಗಿಸಿ ನೋಡುತ್ತಾರೆ, ಕಳ್ಳ ಬಾಯಿಯನ್ನು ನೋಡುತ್ತಾನೆ. ನೀವೂ ಬಾಯಿಯನ್ನೇ ಪರೀಕ್ಷಿಸಿ: ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕಿ, ದಾರದ ತುದಿಗೆ ಒಂದು ನಟ್ ಕಟ್ಟಿ, ಅದಕ್ಕೆ ಎರಡೂ ಕಡೆ ಅಂಟುವ ಟೇಪ್ ಸುತ್ತಿ. ಡ್ರಮ್ ಪೂರ್ತಿ ತೆರೆದಾಗ ಅದರ ಬೆನ್ನೇ ಗಂಟಲನ್ನು ಮುಚ್ಚಿರುತ್ತದೆ. ಸಂದಿ ಬಿಡುವುದು ಅರ್ಧ ತೆರೆದಾಗ. ಆ ಸಂದಿಯಲ್ಲಿ ನಟ್ ಇಳಿಬಿಟ್ಟು, ಆ ಕವರ್ ಅಂಟಿಕೊಂಡು ಮೇಲೆ ಬಂದರೆ ಪೆಟ್ಟಿಗೆಯನ್ನು ಹಿಂದಿರುಗಿಸಿ. ಪೆಟ್ಟಿಗೆ ಕಂಠಮಟ್ಟ ತುಂಬಿದಾಗ ಎಂಥ ಒಳ್ಳೆಯ ಡ್ರಮ್ಮೂ ಸೋಲುತ್ತದೆ. ಕೊನೆಯ ಪಾರ್ಸೆಲ್ ಕೆಳಗಿಳಿಯದೆ ಡ್ರಮ್ಮಿನಲ್ಲೇ ಕೂರುತ್ತದೆ, ಮುಂದೆ ಹಿಡಿಕೆ ಎಳೆದವನ ಕೈಗೆ ಸಿಗುತ್ತದೆ. ಇನ್ನೊಂದು ಮಾತು: ಹೊರಗಿನ ಅಳತೆ ನೋಡಿ ಮೋಸಹೋಗಬೇಡಿ, ಬಾಯಿ ಅದಕ್ಕಿಂತ ಬಹಳ ಚಿಕ್ಕದು. ಷೂ ಡಬ್ಬಿಯೊಂದು ಸಲೀಸಾಗಿ ಬೀಳದಿದ್ದರೆ ತಂದುಕೊಡುವವರು ಪೆಟ್ಟಿಗೆಯ ಮೇಲೇ ಇಟ್ಟು ಹೋಗುತ್ತಾರೆ.

ತಗಡು 2 ಮಿ.ಮೀ. ಇರಲಿ. 1.2 ಮಿ.ಮೀ. ತಗಡಿನ ಬಾಗಿಲಿಗೆ ನಡುವೆ ಒಂದೇ ನಾಲಿಗೆ ಇದ್ದರೆ, ಮೇಲಿನ ಮೂಲೆಗೆ ದಪ್ಪ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಸಾಕು, ಬೀಗ ಹಾಗೇ ಇರುತ್ತದೆ, ಬಾಗಿಲು ಮಡಚಿಕೊಳ್ಳುತ್ತದೆ. ಮೇಲೆ, ಕೆಳಗೆ, ಪಕ್ಕದಲ್ಲಿ ಮೂರು ಕಡೆ ಕಚ್ಚುವ ಚಿಲಕ ಮತ್ತು ಒಳಗಡೆಯ ಕೀಲುಗಳಿರುವುದನ್ನೇ ಆರಿಸಿ. ನೆಲಕ್ಕೆ ನಾಲ್ಕು 10 ಮಿ.ಮೀ. ಆ್ಯಂಕರ್ ಬೋಲ್ಟ್ ಬೇಕು. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ, ಇಲ್ಲದಿದ್ದರೆ ಟೈಲ್ಸ್ ಸೀಳುತ್ತದೆ. ತೂತಿನ ಪುಡಿಯನ್ನು ಪೂರ್ತಿ ಊದಿ ತೆಗೆಯದಿದ್ದರೆ ಬೋಲ್ಟ್ ಬಿಗಿದಂತೆ ಕಂಡರೂ ಹಿಡಿತ ಇರುವುದಿಲ್ಲ.

ನಾಲ್ಕು ಅಂಕಿಯ ಕೋಡಿಗೆ 10,000 ಸಾಧ್ಯತೆಗಳಿವೆ ಎನ್ನುವುದು ಹೊಸ ಕೀಪ್ಯಾಡಿನ ಲೆಕ್ಕ. ಒಂದೇ ಕೋಡನ್ನು ವರ್ಷವಿಡೀ ಒತ್ತಿದರೆ ಆ ನಾಲ್ಕು ಗುಂಡಿಗಳು ಮಾತ್ರ ಸವೆದು ಹೊಳೆಯುತ್ತವೆ. ಆಗ ಉಳಿಯುವುದು ಬರೀ 24. ತಿಂಗಳಿಗೊಮ್ಮೆ ಅಂಕಿಗಳನ್ನೇ ಬದಲಿಸಿ, ಕೈಪಿಡಿಯಲ್ಲಿ ಅಚ್ಚಾಗಿರುವ ಮಾಸ್ಟರ್ ಕೋಡನ್ನು ಮೊದಲ ದಿನವೇ ಅಳಿಸಿ. ನಾಲ್ಕು ಎಎ ಸೆಲ್ ಬೇಡುವ ಬೀಗಕ್ಕೆ ಆಲ್ಕಲೈನ್ ಹಾಕಿ. ರೀಚಾರ್ಜ್ ಮಾಡುವ ಸೆಲ್‌ಗಳು ತಲಾ 1.2 ವೋಲ್ಟಿನವು, ನಾಲ್ಕೂ ಸೇರಿ 4.8 ವೋಲ್ಟ್ ಮಾತ್ರ ಆಗುವುದರಿಂದ ಬೀಗ ಬೇಗನೆ ಸುಸ್ತಾಗುತ್ತದೆ. ತುರ್ತಿನ ಕೀಲಿಯನ್ನು ಪೆಟ್ಟಿಗೆಯೊಳಗೇ ಬಿಟ್ಟು ಬಾಗಿಲು ಮುಚ್ಚುವ ಮಹನೀಯರೂ ಇದ್ದಾರೆ, ಅದೂ ಓದಬೇಕಾದ ಕೈಪಿಡಿಯನ್ನೂ ಅದರೊಳಗೇ ಹಾಕಿ!

ಇಷ್ಟೆಲ್ಲ ಸರಿಯಿದ್ದರೂ ಹೊಟ್ಟೆ ಒಂದೇ ಎಂಬ ದೋಷ ಹೋಗುವುದಿಲ್ಲ. ಕೋಡ್ ಗೊತ್ತಿರುವ ಪ್ರತಿಯೊಬ್ಬರಿಗೂ ಎಲ್ಲರ ಪಾರ್ಸೆಲ್ ತೆರೆದಿಟ್ಟಂತೆಯೇ. ಯಾರು ಯಾವಾಗ ತೆರೆದರೆಂಬ ದಾಖಲೆಯಿಲ್ಲ, ಬಾಗಿಲ ಮೇಲೆ ಗೀರೂ ಇರುವುದಿಲ್ಲ. ಹತ್ತು ಮನೆಗಳಿದ್ದರೆ ಗೂಡು ಗೂಡಾಗಿ ಬೇರೆ ಬಾಗಿಲುಗಳಿರುವ, ಪ್ರತಿ ಪಾರ್ಸೆಲ್‌ಗೆ ಒಂದು ಸಲದ ಕೋಡ್ ಕೊಟ್ಟು ತೆರೆದ ಹೊತ್ತನ್ನು ಬರೆದಿಡುವ ಲಾಕರ್ ಬೇಕು. ಅದರಲ್ಲೂ ದೊಡ್ಡ ಗೂಡುಗಳೇ ಮೊದಲು ತುಂಬುತ್ತವೆ, ಹಾಗಾಗಿ ಸಣ್ಣವು ಎಷ್ಟಿವೆ ಎಂದು ಎಣಿಸಿ ಮರುಳಾಗಬೇಡಿ.

ಲಾಕರ್ ಅಥವಾ ಗೇಟಿನ ಕೋಡನ್ನು ವಿಳಾಸದ ಸಾಲಿನಲ್ಲಿ ಬರೆಯಬೇಡಿ. ಅದು ಲೇಬಲ್ ಮೇಲೆ ಅಚ್ಚಾಗಿ, ಖಾಲಿ ಡಬ್ಬದ ಜೊತೆ ಕಸದ ತೊಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿರುತ್ತದೆ. ಡೆಲಿವರಿ ಸೂಚನೆಯ ಖಾನೆ ಇರುವುದೇ ಅದಕ್ಕೆ.

ಕ್ಯಾಮೆರಾವನ್ನು ಛಾವಣಿಗೆ ಹಾಕಿದರೆ ಟೋಪಿಯ ಚಿತ್ರ ಬರುತ್ತದೆ. ಪೆಟ್ಟಿಗೆಗೆ ಎದುರಾಗಿ, ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಗಾಜಿನ ಬಾಗಿಲಿಗೆ ಬೆನ್ನು ಮಾಡಿ ಇಡಿ. ಬೆಳಕಿಗೆ ಎದುರಾದರೆ ಮುಖ ಕಪ್ಪಾಗುತ್ತದೆ. ಪಾರ್ಸೆಲ್ ಕಾಣೆಯಾದರೆ ಮೊದಲು ಆ ಹೊತ್ತಿನ ತುಣುಕನ್ನು ಉಳಿಸಿಕೊಳ್ಳಿ, ಮೆಮೊರಿ ಕಾರ್ಡ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಕೂರುತ್ತದೆ. ಆಮೇಲೆ ತಂದುಕೊಟ್ಟವರು ಕಳಿಸಿದ ಡೆಲಿವರಿ ಫೋಟೋ ತೆರೆದು ನೆಲದ ಟೈಲ್ಸ್, ಬಾಗಿಲ ಬಣ್ಣ ನೋಡಿ. ಎಷ್ಟೋ ಸಲ ಅದು ಪಕ್ಕದ ಕಟ್ಟಡದ್ದಾಗಿರುತ್ತದೆ.